ಹೊಳೆಗೆ ಕಾದೆವು, ಗಾಳಿ ಬಂತು

ಹೊಳೆ ಬರಲಿಲ್ಲ, ಗಾಳಿ ಬಂತು. ನಾವು ಹೊಳೆಗೆ ತಯಾರಾಗಿ ಕುಳಿತಿದ್ದೆವು. ನಡೆದದ್ದು ಇಷ್ಟೇ. ದೇವರ ಕೋಪ, ಊರಿನ ಪಾಪ ಅಂತ ಆಮೇಲೆ ಜನ ಏನೇನೋ ಸೇರಿಸಿದರು. ಸೇರಿಸಲಿ.

ನಾರಾಯಣಪುರದ ಅಣೆಕಟ್ಟಿನ ಕೆಳಗೆ, ಕೃಷ್ಣೆಯ ದಂಡೆಗಿರುವ ಊರು ನಮ್ಮದು. ಇಲ್ಲಿ ಪಂಚಾಯತಿಯವರು ಆಟೋಕ್ಕೆ ಮೈಕು ಕಟ್ಟಿಕೊಂಡು ಬಂದು "ಹುಷಾರಾಗಿರ್ರಿ" ಅಂದರೆ ಅದಕ್ಕೆ ಒಂದೇ ಅರ್ಥ: ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ. ಆ ದಿನ ಆಟೋದವನು ಸಮುದ್ರದಲ್ಲಿ ತುಫಾನು ಎದ್ದಿದೆ, ಗಾಳಿ ಜೋರು ಬರುತ್ತದೆ ಅಂತಲೂ ಹೇಳಿದನಂತೆ. ನಮ್ಮ ಓಣಿಗೆ ಕೇಳಿಸಿದ್ದು "ಹುಷಾರು" ಅನ್ನುವುದೊಂದೇ. ಸಮುದ್ರ ಕಂಡವರು ಯಾರಿದ್ದಾರೆ ಇಲ್ಲಿ?

ಕರೆಂಟು ಹೋಗುತ್ತದೆ ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು, ಹೊಳೆ ಬಂದಾಗಲೂ ಹೋಗುತ್ತದೆ. ಹೆಂಗಸರೆಲ್ಲ ಜೋಳ ಹೊತ್ತು ಗಿರಣಿಗೆ ಓಡಿದೆವು. ಸೊಸೆ ಕೊಡ, ಬಕೀಟು, ಬಾನಿ ಎಲ್ಲಕ್ಕೂ ನೀರು ತುಂಬಿದಳು. ನಾನು ಖಡಕ್ ರೊಟ್ಟಿ ಬಡಿದೆ. ಆಮೇಲೆ ಸಾಮಾನೆಲ್ಲ ಮಾಳಿಗೆಯ ಮೇಲಿನ ಖೋಲಿಗೆ ಏರಿತು. ಅದಕ್ಕೆ ತಗಡಿನ ಚಾವಣಿ, ತಗಡಿನ ಮೇಲೆ ಕಲ್ಲು.

ಕೊನೆಗೆ ಉಳಿದವರು ನಮ್ಮ ಮನೆಯವರು, ನನ್ನ ಗಂಡ. ಅವರಿಗೆ ಲಕ್ವ ಹೊಡೆದು ಎರಡು ವರ್ಷ. ಮಾತು ಇದೆ, ಮೈ ಇಲ್ಲ. ಮಲಗಿದಲ್ಲೇ ಮೈ ಹುಣ್ಣಾಗದಿರಲಿ ಅಂತ ಯಾದಗಿರಿಯ ಡಾಕ್ಟರು ಗಾಳಿ ಹಾಸಿಗೆ ಹಾಕಿಸಿದ್ದರು. ಸಣ್ಣದೊಂದು ಮೋಟಾರು ಹಗಲೂ ರಾತ್ರಿ ಅದಕ್ಕೆ ಗಾಳಿ ತುಂಬುತ್ತಿರಬೇಕು. ಮೊದಲೊಮ್ಮೆ ಸೊಂಟದ ಹತ್ತಿರ ಚರ್ಮ ಬಿಟ್ಟು ಹುಣ್ಣಾಗಿ, ಮಾಯಲು ಒಂದು ಬೇಸಿಗೆಯೇ ಹಿಡಿದಿತ್ತು. ಇನ್ನೊಮ್ಮೆ ಹುಣ್ಣಾದರೆ ಜೀವ ಉಳಿಯುವುದಿಲ್ಲ ಅಂತ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು.

ಮಗ ಮತ್ತು ಪಕ್ಕದ ಮನೆಯ ಗಂಡಸರು ಮಂಚ ಸಮೇತ ಅವರನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಪಕ್ಕದ ಮನೆಯಾಕೆ ಕೆಳಗೆ ನಿಂತು ಕೂಗಿದಳು.

"ಯಕ್ಕಾ, ಮುದುಕನ್ನ ಯಾಕ ಮ್ಯಾಲ ಏರಿಸಾಕತ್ತಿ? ಶಿವನಿಗಿ ಸಮೀಪ ಆಗ್ಲಿ ಅಂತೇನು?"

"ನಿನ್ನ ಗಂಡನ್ನೂ ಕಳಸು. ಜೋಡಿಲಿ ಹೋಗ್ಲಿ."

"ನನ್ನ ಒಂದು ಮಾತ ಕೇಳ್ರಿ," ಅಂದರು ಇವರು ಮಂಚದ ಮೇಲಿಂದ. "ನಾ ಇನ್ನೂ ಅದೀನಿ."

ಮಧ್ಯಾಹ್ನ ಊಟದ ಹೊತ್ತಿಗೂ ಹೊಳೆ ಸುಮ್ಮನೇ ಇತ್ತು. ನಾನು ಮೇಲೆ ಅವರಿಗೆ ರೊಟ್ಟಿ ನೆನೆಸಿ ತಿನ್ನಿಸುತ್ತಿದ್ದೆ. ಮೂಡಣದ ಕಡೆಯಿಂದ ಸಪ್ಪಳ ಕೇಳಿತು. ಲಾರಿ ಬರುತ್ತಿದೆ ಅಂದುಕೊಂಡೆ. ಲಾರಿ ಬರುತ್ತಲೇ ಇತ್ತು, ಬಂದು ಮುಟ್ಟಲಿಲ್ಲ. ಕಿಟಕಿಯಿಂದ ನೋಡಿದರೆ ತೊಗರಿಯ ಹೊಲ ಇಡಿಯಾಗಿ ಒಮ್ಮೆಗೇ ಮಲಗಿತು, ದೊಡ್ಡದೊಂದು ಕೈ ಎಮ್ಮೆಯ ಮೈ ಸವರಿದ ಹಾಗೆ. ತಲೆಯ ಮೇಲೆ ತಗಡು ಉಸಿರಾಡತೊಡಗಿತು. ನಾನೊಬ್ಬಳು ಎತ್ತಲಾರದಂಥ ಕಲ್ಲುಗಳು ಅದರ ಮೇಲೆ ಕುಣಿದು, ಉರುಳಿ, ಅಂಗಳಕ್ಕೆ ಬಿದ್ದವು. ಆಮೇಲೆ ಗಡಿಗೆಯ ಮುಚ್ಚಳ ತೆಗೆದಷ್ಟು ಸಲೀಸಾಗಿ ಚಾವಣಿ ಎದ್ದು ಹೋಯಿತು.

ನಾನು ಅವರ ಮೇಲೆ ಅಡ್ಡ ಬಿದ್ದೆ.

"ಸರಿ ಅತ್ತ! ಕಾಣವಲ್ದು!" ಅಂದರು.

"ಏನ್ರಿ ಕಾಣವಲ್ದು?"

"ಮ್ಯಾಲ ನೋಡು."

ನೋಡಿದೆ. ನಮ್ಮ ತಗಡು, ಊರವರ ತಗಡು, ಯಾರದೋ ಸೀರೆ, ಎಲ್ಲ ಕೊಕ್ಕರೆ ಹಿಂಡಿನ ಹಾಗೆ ಹೊಳೆ ದಾಟುತ್ತಿದ್ದವು. ಮೋಡ ಓಡುತ್ತಿರಲಿಲ್ಲ, ಬೀಸುಕಲ್ಲಿನ ಹಾಗೆ ತಿರುಗುತ್ತಿತ್ತು. ಅಷ್ಟು ದೊಡ್ಡದನ್ನು ನಾನು ಎಂದೂ ಕಂಡಿರಲಿಲ್ಲ. ಎರಡು ವರ್ಷ ಜಂತಿ ಎಣಿಸುತ್ತ ಬಿದ್ದಿದ್ದ ಮನುಷ್ಯ ಮಳೆಗೆ ಬಾಯಿ ತೆರೆದುಕೊಂಡು ನಗುತ್ತಿದ್ದರು. ನಾನು ದೇವರಿಗೆ ಕೈ ಮುಗಿಯುವುದು ರೂಢಿಯಿಂದ. ಅವತ್ತು ಕೈ ತಾನೇ ಎದ್ದಿತು. ಯಾರಿಗೆ ಮುಗಿದೆನೋ ನನಗೇ ಗೊತ್ತಿಲ್ಲ. ಅಂಜಿಕೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಕಣ್ಣು ಮುಚ್ಚಲು ಮನಸ್ಸಾಗಲಿಲ್ಲ.

ಮಗ ಮತ್ತು ಪಕ್ಕದ ಮನೆಯವರು ತೆವಳಿಕೊಂಡು ಬಂದು, ಅವರನ್ನು ಕೌದಿಯಲ್ಲಿ ಸುತ್ತಿ ಕೆಳಗಿಳಿಸಿದರು. ಪಕ್ಕದ ಮನೆಯಾಕೆ ಅವರ ತಲೆ ಒರೆಸುತ್ತ, "ಶಿವ ವಾಪಸ್ ಕಳಿಸ್ಯಾನ ನೋಡಕ್ಕಾ," ಅಂದಳು. "ಯಾರಿಗಿ ಬೇಕು ಈ ಮುದುಕ?" ಅಂದೆ. ಒಣ ಕೌದಿ ತಂದು ಅವರ ಮೈಗೆ ಸುತ್ತಿದೆ.

ಗಾಳಿ ಸಂಜೆಗೆ ಇಳಿಯಿತು. ನಮ್ಮ ತಗಡು ಹೊಳೆಯ ಆಚೆ ದಂಡೆಗೆ ಬಿದ್ದಿದೆ ಅಂತ ಸುದ್ದಿ ಬಂತು. ಶಹಾಪುರದ ದಾರಿಗುಂಟ ಕಂಬಗಳೆಲ್ಲ ಒಂದೇ ಕಡೆಗೆ ತಲೆ ಹಾಕಿ ಮಲಗಿದ್ದವು. ಲೈನ್‌ಮನ್ ಬಂದು ನೋಡಿದ.

"ಯಾವಾಗ ಬರ್ತದಪ್ಪಾ ಕರೆಂಟು?"

"ಯವ್ವಾ, ಅದನ್ನ ನನ್ನ ಕೇಳಬ್ಯಾಡ್ರಿ. ಇಂಥಾದ್ದು ನಾನೂ ನೋಡಿಲ್ಲ."

ಮೋಟಾರು ನಿಂತಿತ್ತು, ಮೇಲಿನಿಂದ ಇಳಿಸಿ ತಂದ ಗಾಳಿ ಹಾಸಿಗೆ ಮಂಚಕ್ಕಂಟಿತ್ತು. ಮಗ ಸೈಕಲ್ ಪಂಪು ತಂದು ಒತ್ತಿದ, ಒತ್ತಿದಷ್ಟೂ ಸೋರಿತು. ಊರು ಹೊತ್ತುಕೊಂಡು ಹೋಗುವಷ್ಟು ಗಾಳಿ ಬಂದು ಹೋಗಿದೆ, ಒಂದು ಹಾಸಿಗೆಗೆ ಬೇಕಾದಷ್ಟು ಉಳಿದಿಲ್ಲ. ಕತ್ತಲಾಗುವ ಮುಂಚೆ ಅವರನ್ನು ಮಗ್ಗುಲಿಗೆ ಹೊರಳಿಸಿ ನೋಡಿದೆ. ಹಳೆಯ ಹುಣ್ಣಿನ ಜಾಗ ಕೆಂಪಗಾಗಿತ್ತು.

ಮರುದಿನ ಬೆಳಿಗ್ಗೆ ಪಕ್ಕದ ಮನೆಗೆ ಹೋಗಿ, ಆ ಮನೆಯವರು ಈ ಸಲ ಗಿಡದಿಂದ ಮೊದಲು ಬಿಡಿಸಿ ಒಳಗಿಟ್ಟಿದ್ದ ಹತ್ತಿಯಲ್ಲಿ ಒಂದು ಚೀಲ ಕೊಡು ಅಂದೆ. ಆಕೆ ತಾನೇ ಹೊತ್ತು ತಂದಳು. ಹೊಲದಿಂದ ಬಂದ ಹತ್ತಿಯಲ್ಲಿ ಕಾಳಿರುತ್ತದೆ, ಹಾಗೇ ತುಂಬಿದರೆ ಬೆನ್ನಿಗೆ ಒತ್ತುತ್ತದೆ. ಹಳೆಯ ಸೀರೆಯೊಂದನ್ನು ಹರಿದು ಹಾಸಿಗೆಗೆ ಚೀಲ ಹೊಲಿಯಲು ಸೊಸೆಗೆ ಕೊಟ್ಟೆ. ಮಂಚ ಅಂಗಳಕ್ಕೆ ಹಾಕಿಸಿ, ಅವರನ್ನು ಬಲಮಗ್ಗುಲಿಗೆ ಹೊರಳಿಸಿ, ಕೆಂಪಗಾದ ಜಾಗಕ್ಕೆ ಬಿಸಿಲು ಬೀಳುವಂತೆ ಮಾಡಿದೆ. ಆಮೇಲೆ ಅಲ್ಲೇ ನೆಲಕ್ಕೆ ಕೂತು ಕಾಳು ಬಿಡಿಸತೊಡಗಿದೆ.