ನಾವು ಮುಚ್ಚಿಸಿದ ಗ್ರೈಂಡರ್ ಅಂಗಡಿ

ಗ್ರೈಂಡರ್ ಮಾಮನ ಹುಬ್ಬುಗಳು ಕಲ್ಲಿನ ಪುಡಿ ಕೂತು ಸದಾ ಬೆಳ್ಳಗಿರುತ್ತಿದ್ದವು. ಎಡಗೈ ಹೆಬ್ಬೆರಳಿನ ಉಗುರು ಉಳಿಯ ಪೆಟ್ಟು ಬಿದ್ದು ಎಂದೋ ಹೋಗಿ ಮತ್ತೆ ಬೆಳೆದಿರಲಿಲ್ಲ. ಕೊಯಮತ್ತೂರಿನ ನಮ್ಮ ಬೀದಿಯ ತಿರುವಿನಲ್ಲಿ ಅವರ ಪುಟ್ಟ ಅಂಗಡಿ. ಅಲ್ಲೇ ಗ್ರೈಂಡರ್ ಜೋಡಿಸಿ ಮಾರುತ್ತಿದ್ದರು, ಸವೆದ ಕಲ್ಲನ್ನು ಉಳಿಯಿಂದ ಮತ್ತೆ ಒರಟು ಮಾಡಿಕೊಡುತ್ತಿದ್ದರು. ಬೀದಿಯ ಅರ್ಧ ಮನೆಗಳು ನಮ್ಮಂತೆ ಕನ್ನಡ ಮಾತಾಡುವ ನೇಯ್ಗೆಯವರವು. ಮಾಮನೂ ಮಗ್ಗ ಬಿಟ್ಟು ಕಲ್ಲು ಹಿಡಿದವರು.

ಅವರಲ್ಲಿ ಗ್ರೈಂಡರ್ ಕೊಳ್ಳುವುದೆಂದರೆ ನಮ್ಮ ತಾಳ್ಮೆಗೆ ಪರೀಕ್ಷೆ. ನೆನೆಸಿದ ಅಕ್ಕಿಯನ್ನು ನಾವೇ ಮನೆಯಿಂದ ಒಯ್ಯಬೇಕು. ಹೊಸ ಕಲ್ಲಿನಲ್ಲಿ ಮೊದಲು ರುಬ್ಬಿದ್ದು ಚರಂಡಿಗೆ, ಎರಡನೆಯದೂ ಚರಂಡಿಗೆ. ಮೂರನೆಯದನ್ನು ನಾಲಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಹಲ್ಲಿನಲ್ಲಿ ಅರೆದು ನೋಡುತ್ತಿದ್ದರು. ಒಂದು ಕಣ ಕಲ್ಲು ಸಿಕ್ಕರೂ "ಇವತ್ತು ಕೊಡೋಕಾಗಲ್ಲ ಅಮ್ಮಣಿ, ನಾಳೆ ಅಕ್ಕಿ ತಗೊಂಡು ಬಾ" ಎನ್ನುತ್ತಿದ್ದರು. ಈ ಹಟಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಡೀ ಊರು ಫೋನಿನಲ್ಲಿ ಸಾಮಾನು ತರಿಸುವ ಕಾಲದಲ್ಲಿ ಅಕ್ಕಿ ಹೊತ್ತು ಅಲೆಯುವವರು ಯಾರು?

ಹಾಗೆಂದು ನಾನು ಸುಮ್ಮನಿದ್ದೆನೇ? ಬೀದಿಯ ಸಂಘದ ಸಭೆಯಲ್ಲಿ ಎದ್ದುನಿಂತು, ನಮ್ಮೂರ ಅಂಗಡಿಗಳನ್ನು ನಾವೇ ಉಳಿಸಬೇಕು ಎಂದು ಭಾಷಣ ಬಿಗಿದೆ. ಜೋರು ಚಪ್ಪಾಳೆ ಬಿತ್ತು. ಮಾಮ ಕೊನೆಯ ಸಾಲಿನಲ್ಲಿ ಕೂತು ತಲೆಯಾಡಿಸಿದರು. ಆ ವಾರವೇ, ಮೊಮ್ಮಗುವಿನ ನಾಮಕರಣ ಹತ್ತಿರ ಬಂತೆಂಬ ನೆಪ ಹೇಳಿಕೊಂಡು, ಆನ್‌ಲೈನಿನಲ್ಲಿ ಗ್ರೈಂಡರ್ ತರಿಸಿದೆ. ಬಂದ ಸಂಜೆಯೇ ನಾಮಕರಣದ ಅಕ್ಕಿ ಹಾಕಿದೆ. ಎರಡು ಸಲ ರುಬ್ಬಿ ಚೆಲ್ಲಬೇಕೆಂದು ಗೊತ್ತಿದ್ದೂ ಚೆಲ್ಲಲಿಲ್ಲ. ಅದು ಮಾಮ ಮಾಡುವ ಕೆಲಸವೆಂದೇ ತಲೆಯಲ್ಲಿ ಕೂತಿತ್ತು. ನೆಂಟರು ಇಡ್ಲಿ ಬಾಯಿಗಿಟ್ಟು ಎಲೆಯ ಮೇಲೆ ಉಗಿದರು.

ಮರುದಿನ ಗ್ರೈಂಡರಿಗೆ ಬೆಡ್‌ಶೀಟ್ ಹೊದಿಸಿ, ಯಾರ ಕಣ್ಣಿಗೂ ಬೀಳದಂತೆ ಆಟೋದಲ್ಲಿ ಅವರ ಅಂಗಡಿಗೆ ಒಯ್ದೆ. ಮಾಮ ಬೆಡ್‌ಶೀಟ್ ಎತ್ತಿ ನೋಡಿದರು.

"ಇದು ಯಾತಕ್ಕೆ ಅಮ್ಮಣಿ? ಕಲ್ಲಿಗೆ ಚಳಿಯಾ?"

"ಬೈದುಬಿಡಿ ಮಾಮಾ" ಎಂದೆ.

"ಬೈದು ಏನಾಗ್ಬೇಕು? ಅಲ್ಲಿ ನೋಡು." ಮೂಲೆಯಲ್ಲಿ ಅಂಥವೇ ಆರು ಗ್ರೈಂಡರುಗಳು, ಎಲ್ಲ ನಮ್ಮ ಬೀದಿಯವೇ. "ನಾನು ಹೊಸದೊಂದು ಮಾರಿ ನಾಲ್ಕು ತಿಂಗಳಾಯ್ತು. ರಿಪೇರಿ ಕೆಲಸಕ್ಕೆ ಮಾತ್ರ ಎಲ್ಲರಿಗೂ ಮಾಮ ಬೇಕು. ಇದು ಅಷ್ಟೂ ಆವತ್ತು ನಿನಗೆ ಕೈ ತಟ್ಟಿದೋರ್ದೇ ಅಮ್ಮಣಿ. ಇನ್ನೆಷ್ಟು ದಿವಸ ಅಂತ ಶಟರ್ ಎತ್ತಲಿ, ಹೇಳು?"

ಬೈದಿದ್ದರೆ ವಾಸಿಯಿತ್ತು. ಅವರು ಉಳಿ ಎತ್ತಿಕೊಂಡು ನನ್ನ ಕಲ್ಲಿನ ಮುಂದೆ ಎರಡು ಗಂಟೆ ಕೂತರು. ನಮ್ಮ ಮನೆಯ ಇಡ್ಲಿಗೆ ಇವತ್ತಿಗೂ ಅದೇ ಕಲ್ಲು.

ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಅಂಗಡಿ ಮುಚ್ಚಿತು. ಕಲ್ಲಿನ ಪುಡಿಗೆ ಅವರ ಎದೆ ಮೊದಲೇ ಸೋತಿತ್ತು. ಪೊಂಗಲ್ ಬರುವಷ್ಟರಲ್ಲಿ ಮಾಮ ಹೋಗಿಬಿಟ್ಟರು. ಸಂಘದವರು ಆಳೆತ್ತರದ ಫ್ಲೆಕ್ಸ್ ಮಾಡಿಸಿದರು. 'ನಮ್ಮ ಬೀದಿಯ ಹೆಮ್ಮೆ' ಎಂದು ತಮಿಳಿನಲ್ಲಿ ದಪ್ಪಕ್ಷರ, ಕೆಳಗೆ ಕಣ್ಣೀರು ಸುರಿಸುವವರ ಹೆಸರುಗಳು. ಕಟ್ಟಲು ಜಾಗ ಹುಡುಕಬೇಕಾಗಲಿಲ್ಲ, ಅವರದೇ ಮುಚ್ಚಿದ ಶಟರ್ ಇತ್ತು. ಆ ಹೆಸರುಗಳಲ್ಲಿ ಕೊನೆಯ ವರ್ಷ ಅವರಿಂದ ಒಂದು ಗ್ರೈಂಡರ್ ಕೊಂಡವರು ಒಬ್ಬರೂ ಇಲ್ಲ. ಎರಡನೆಯ ಹೆಸರು ನನ್ನದು.