ಸರ್ಕಾರದ ಕುರಿ, ಪಾಲಿನ ಮರಿ

ಒಲೆಯ ಮೇಲೆ ಹಾಲಿಟ್ಟು, ಬಾಗಿಲಿಗೆ ನೀರು ಚಿಮುಕಿಸಿ, ರಂಗೋಲಿ ಎಳೆಯುತ್ತಿದ್ದೆ. ಐಮಂಗಲದಿಂದ ಮೊದಲ ಬಸ್ಸಿಗೆ ಬಂದ ಕುರಿಗಾರರ ಹೆಂಗಸು ಗೇಟಿನ ಹತ್ತಿರ ನಿಂತಿದ್ದಳು. ರಂಗೋಲಿ ತುಳಿಯಬಾರದೆಂದು ಸೀರೆಯ ನೆರಿಗೆ ಎತ್ತಿ ಹಿಡಿದಿದ್ದಳು.

ನಮ್ಮ ಯಜಮಾನರು ಚಿತ್ರದುರ್ಗದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಎಪ್ಪತ್ತರ ದಶಕದ ನಡುವಿನಲ್ಲಿ, ಕುರಿಗಳ ಹೊಟ್ಟೆಹುಳದ ಸಂಶೋಧನೆಗೆಂದು ದೆಹಲಿಯಿಂದ ನೆರವು ಬಂದಿತ್ತು. ಅದರಲ್ಲಿ ಒಂದಷ್ಟು ಕುರಿ ಕೊಂಡು ಈಕೆಯ ಹಟ್ಟಿಯಲ್ಲಿ ಮೇಯಲು ಬಿಟ್ಟಿದ್ದರು. ಈಗ ಕೆಲಸ ಮುಗಿದು, ವಾಪಸು ಕೊಡಿ ಎಂದು ಹೇಳಿಕಳಿಸಿದ್ದರು.

"ಕುರಿ ಹೊಡ್ಕಂಡು ಹೋಗ್ರಿ ಅಮ್ಮಾರೆ, ಬ್ಯಾಡ ಅನ್ನಲ್ಲ. ಮರಿಯಾಗೆ ಅರ್ಧ ನಮ್ದು. ಪಾಲಿಗೆ ಅಲ್ವಾ ಬಿಟ್ಟಿದ್ದು?"

"ಪಾಲಿಗೆ ಅಂತ ಯಾರಮ್ಮ ಹೇಳಿದ್ದು?" ಎಂದರು ಒಳಗಿನಿಂದ ಬಂದ ಇವರು.

"ಹೇಳೋದೇನೈತ್ರಿ? ಬ್ಯಾರೇರ ಹಟ್ಟಿಗೆ ಕುರಿ ಬಿಟ್ರೆ ಮತ್ತಿನ್ನೇನು? ನಮ್ಮವು ರೋಗಕ್ಕೆ ಹೋಗಿ ನಾಕೈದು ಉಳಿದಾವೆ. ಮಂದೆ ಅಂತ ಮತ್ತೆ ಆಗೋದೇ ಆ ಮರಿಯಿಂದ."

"ಕಾನ್ವೆಂಟಿನವಳು, ನೀನೇ ಓದಿ ಹೇಳು," ಎಂದು ದೆಹಲಿ ಸರ್ಕಾರದ ಕರಾರು ಪತ್ರವನ್ನು ನನ್ನ ಕೈಗಿಟ್ಟು ಇವರು ಕಾಲೇಜಿಗೆ ಹೊರಟರು. ಸಿಸ್ಟರುಗಳು ನನಗೆ ಪದ್ಯ ಕಲಿಸಿದ್ದರು, ಕಸೂತಿ ಕಲಿಸಿದ್ದರು. ಕರಾರು ಯಾರೂ ಕಲಿಸಿರಲಿಲ್ಲ.

ಆಕೆಗೂ ಕೇಳಲೆಂದು ಗಟ್ಟಿಯಾಗಿ ಓದಿದೆ. ಮೊದಲ ಹಾಳೆಯಲ್ಲೇ ಮೂರು ಬಗೆ. ಸಹಾಯಧನವಾದರೆ ಸರ್ಕಾರ ದುಡ್ಡು ಕೊಟ್ಟು ದೂರ ನಿಲ್ಲುತ್ತದೆ, ಕೆಲಸ ನಮ್ಮದು. ಗುತ್ತಿಗೆಯಾದರೆ ಅವರು ಹೇಳಿದ್ದನ್ನು ಮಾಡಿ, ಬಂದ ಫಲ ಅವರಿಗೇ ಒಪ್ಪಿಸಬೇಕು. ಮೂರನೆಯದರಲ್ಲಿ ಇಬ್ಬರೂ ಕೂಡಿ ದುಡಿಯುವುದು. ನಮ್ಮದು ಮೊದಲನೆಯದು ಎಂದು ಧೈರ್ಯ ತಂದುಕೊಳ್ಳುವಷ್ಟರಲ್ಲಿ, ಕೊಂಡ ಸಾಮಾನೆಲ್ಲ ಸರ್ಕಾರದ್ದು ಎಂಬ ಸಾಲು ಎದುರಾಯಿತು. ಸಾಮಾನು ಯಾವುದು? ಸೂಕ್ಷ್ಮದರ್ಶಕ, ಗಾಜಿನ ಸೀಸೆ, ಕುರಿ.

"ಸೀಸೆ ಮರಿ ಹಾಕ್ತೈತೇನ್ರಿ?" ಎಂದಳು ಆಕೆ. ನನಗೆ ನಗು ಬಂತು.

"ಆ ಮೂರನೇದು ನಮ್ ಪಾಲಿನಂಗೇ ಐತಲ್ರಿ. ಅದನ್ನೇ ಹಾಕ್ರಿ."

ಹಾಕಲು ಅದೇನು ಸಾರಿಗೆ ಉಪ್ಪೇ? ಕಾಫಿ ಕೊಟ್ಟು ಕಳಿಸಿದೆ. ಮತ್ತೆ ಓದಿದೆ. ಓದಿದಷ್ಟೂ ಮರಿಗಳು ಒಮ್ಮೆ ಆಕೆಯವಾದವು, ಒಮ್ಮೆ ದೆಹಲಿಯವಾದವು.

ಸಂಜೆ ಬಂದ ಇವರು ತಲೆ ಕೆರೆದುಕೊಂಡು, "ಮರಿಯೂ ಸರ್ಕಾರದ್ದೇ ಇರಬೇಕು. ನಾಳೆ ದೆಹಲಿಗೆ ಹಾಗೇ ಬರೆದುಬಿಡ್ತೀನಿ," ಎಂದರು. ನನಗೆ ಸಮಾಧಾನವಾಗಲಿಲ್ಲ. ಪಕ್ಕದ ಮನೆಯಾಕೆ ಜಗಲಿಯಲ್ಲಿ ಮಲ್ಲಿಗೆ ಮೊಗ್ಗು ಕಟ್ಟುತ್ತ ಕೂತಿದ್ದರು. ಹೋಗಿ ಮೂರು ಬಗೆಯನ್ನೂ ಬಿಡಿಸಿ ಹೇಳಿದೆ. ಅವರು ದಾರದಿಂದ ಕಣ್ಣೆತ್ತಲಿಲ್ಲ.

"ಅದೆಲ್ಲ ಇರ್ಲಿ ಕಣ್ರಿ, ಟಗರು ಯಾರದ್ದು? ಅದನ್ನೂ ದೆಹಲಿಯೋರೇ ಕಳಿಸಿದ್ರಾ?"