ಪೇಪರ್ ಲೋಟ

ಅತ್ತೆ ತಂದ ತಟ್ಟೆಯಲ್ಲಿ ಎರಡು ಸ್ಟೀಲ್ ಲೋಟ, ಒಂದು ಪೇಪರ್ ಲೋಟ ಇದ್ದವು. ಪೇಪರ್ ಲೋಟ ಯಾರಿಗೆಂದು ನನಗೂ ಗೊತ್ತಾಯಿತು, ಎದುರಿಗೆ ಕೂತಿದ್ದ ಸೆಲ್ವಿಗೂ ಗೊತ್ತಾಯಿತು.

ಬ್ಲೌಸ್ ಹೊಲಿಯುವವರ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕ ಗೆಳತಿ ಅವಳು. ಮೂರು ವರ್ಷದಿಂದ ದಿನವೂ ಮಾತು. ನನ್ನ ಮಗು ಹೊಟ್ಟೆಯಲ್ಲೇ ಹೋದಾಗ ಮನೆಯವರೆಲ್ಲ ಸುಮ್ಮನಾಗಿದ್ದರು. ಸೆಲ್ವಿ ಮಾತ್ರ ದಿನಾ ಮಧ್ಯಾಹ್ನ ವಾಯ್ಸ್ ಮೆಸೇಜ್ ಕಳಿಸಿ ನನ್ನನ್ನು ಮತ್ತೆ ಮಿಷನ್ ಮುಂದೆ ಕೂರಿಸಿದ್ದಳು. ಒಮ್ಮೆಯಾದರೂ ನೋಡಬೇಕೆಂದು ನಾನೇ ಕರೆದಿದ್ದೆ. ಚಿನ್ನದ ಗಣಿಯ ಕೋರಮಂಡಲ್‌ನಿಂದ ಬಂಗಾರಪೇಟೆ ಪಕ್ಕದ ನಮ್ಮೂರಿಗೆ ಎರಡು ಬಸ್ಸು ಹತ್ತಿ ಬಂದಿದ್ದಳು. ಊರಿಗೆಲ್ಲ ಹೊಲಿಯುವ ನನಗೆಂದೇ ಒಂದು ಬ್ಲೌಸ್ ಹೊಲಿದು ತಂದಿದ್ದಳು. "ಆಕ್ಕೊಂಡು ಫೋಟೊ ಕಳ್ಸಕ್ಕ" ಎಂದಿದ್ದಳು.

ಅಷ್ಟರಲ್ಲಿ ಅತ್ತೆ ಕೇಳಿದರು, "ಯಾವ ಜನಾಮ್ಮ ನೀವು?" ಮೂರು ವರ್ಷದಲ್ಲಿ ನಾವಿಬ್ಬರೂ ಒಮ್ಮೆಯೂ ಕೇಳಿಕೊಳ್ಳದ ಪ್ರಶ್ನೆ ಅದು. ಸೆಲ್ವಿ ಮುಚ್ಚಿಡದೆ ಹೇಳಿದಳು. ಅತ್ತೆ ಎದ್ದು ಒಳಗೆ ಹೋದರು. ಆಮೇಲೆ ಬಂದದ್ದೇ ಈ ತಟ್ಟೆ.

ಪೇಪರ್ ಲೋಟವನ್ನು ನಾನೇ ಎತ್ತಿಕೊಳ್ಳಬಹುದಿತ್ತು. ಆದರೆ ಎತ್ತಿ ಅವಳ ಕೈಗೆ ಕೊಟ್ಟೆ.

ಅವಳು ಪೂರ್ತಿ ಕುಡಿದಳು. ಖಾಲಿ ಲೋಟವನ್ನು ಯಾರೂ ಎತ್ತಬೇಕಾಗದ ಹಾಗೆ ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು. "ಕಾಫಿ ಚೆನ್ನಾಗಿತ್ತಕ್ಕ, ಬತ್ತೀನಿ" ಎಂದು ಎದ್ದಳು.

ಫೋನಿನ ಸ್ನೇಹವೂ ಒಂದು ಸ್ನೇಹವೇ? ಎಂದು ಜನ ನಗುತ್ತಾರೆ. ಅವಳು ಹೋದ ಮೇಲೆ ಬ್ಲೌಸ್ ಹಾಕಿ ನೋಡಿದೆ. ನನ್ನನ್ನು ಒಮ್ಮೆಯೂ ಕಣ್ಣಾರೆ ನೋಡದೆ ಹೊಲಿದದ್ದು, ಕಾಲು ಇಂಚೂ ಹೆಚ್ಚುಕಮ್ಮಿ ಇಲ್ಲ. ಫೋಟೊ ಮಾತ್ರ ಇನ್ನೂ ಕಳಿಸಿಲ್ಲ.